ಆರ್ಬಿಟ್ ರೀಡರ್ ಕೈಗೆ ಬಂದಿದೆ, ದಿನದ ಕೆಲಸಕ್ಕೆ ಎಲ್ಲಿಂದ ಶುರು ಮಾಡಲಿ?

ಮಲೆನಾಡ_ಗುಮಾಸ್ತೆ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯವಳು, ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅಂಧ ಮಕ್ಕಳ ಶಾಲೆಯಲ್ಲಿ ಸ್ಲೇಟು, ಸ್ಟೈಲಸ್ ಹಿಡಿದು ಬ್ರೈಲ್ ಕಲಿತೆ. ಎಸ್ಸೆಸ್ಸೆಲ್ಸಿವರೆಗೂ ಬ್ರೈಲ್ ಪುಸ್ತಕವೇ. ಕಾಲೇಜಿಗೆ ಬಂದ ಮೇಲೆ ಫೋನು, ಕಂಪ್ಯೂಟರು, ಇಯರ್‌ಫೋನು. ಬ್ರೈಲ್ ಮುಟ್ಟಿ ವರ್ಷಗಳೇ ಆಗಿವೆ.

ಈಗ ಒಂದು ಸಂಸ್ಥೆಯವರು ಆರ್ಬಿಟ್ ರೀಡರ್ 20 ಕೊಟ್ಟಿದ್ದಾರೆ, ಚುಕ್ಕಿಗಳು ಎದ್ದು ಬ್ರೈಲ್ ಓದಿಸುವ, ಬರೆಯಲೂ ಆಗುವ ಪುಟ್ಟ ಯಂತ್ರ. ಪ್ಲಸ್ ಅಲ್ಲ, ಮೊದಲಿನ ಮಾದರಿ. ಪೆಟ್ಟಿಗೆ ಬಿಚ್ಚಿ ಆನ್ ಮಾಡಿದೆ, ಚುಕ್ಕಿಗಳು ಟರ್ರ್ ಅಂತ ಎದ್ದವು, ಖುಷಿಯೇನೋ ಆಯಿತು. ಆಮೇಲೆ ಏನು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ. ಕೈಪಿಡಿ ಇಂಗ್ಲಿಷಿನಲ್ಲಿದೆ. ಮೆನು, ಮೋಡು, ಬ್ಲೂಟೂತ್ ಅಂತ ಶುರುವಾಗಿ ಇರುವುದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತದೆ, ಅದರಲ್ಲಿ ನನಗೆ ನಾಳೆ ಬೆಳಿಗ್ಗೆ ಬೇಕಾಗುವುದು ಯಾವುದು, ಮುಂದಿನ ವರ್ಷ ನೋಡಿಕೊಂಡರೂ ಆಗುವುದು ಯಾವುದು ಅನ್ನುವುದೇ ತಿಳಿಯುವುದಿಲ್ಲ.

ನನ್ನ ಕೆಲಸ ದೊಡ್ಡದೇನಲ್ಲ. ಫೋನ್ ನಂಬರು, ಸಾಮಾನಿನ ಪಟ್ಟಿ, ಕಚೇರಿ ಮೀಟಿಂಗಿನಲ್ಲಿ ಸಾಹೇಬರು ಹೇಳುವ ತಾರೀಖು ಮತ್ತು ಫೈಲ್ ನಂಬರು, ಭಜನಾ ಮಂಡಳಿಯಲ್ಲಿ ಹಾಡುವ ದೇವರನಾಮ. ಇಷ್ಟು ಆದರೆ ಸಾಕು.

ಒಂದು ವಿಚಿತ್ರ ಬೇರೆ ಇದೆ. ತಮ್ಮ ಕಂಪ್ಯೂಟರಿನಿಂದ ಕನ್ನಡದ ಒಂದು ಟೆಕ್ಸ್ಟ್ ಫೈಲನ್ನು ಎಸ್‌ಡಿ ಕಾರ್ಡಿಗೆ ಹಾಕಿಕೊಟ್ಟ. ತೆರೆದರೆ ಅರ್ಥವಿಲ್ಲದ ಚುಕ್ಕಿಗಳು. ಯಂತ್ರ ಕೆಟ್ಟಿದೆಯಾ, ಇಲ್ಲ ನನಗೇ ಬ್ರೈಲ್ ಮರೆತುಹೋಗಿದೆಯಾ? ಬಳಸುತ್ತಿರುವವರು ಯಾರಾದರೂ ದಾರಿ ಹೇಳಿ.

ಗದಗಿನ_ಮೇಷ್ಟ್ರು

ನಮಸ್ಕಾರ ತಂಗಿ. ಯಂತ್ರವೂ ಕೆಟ್ಟಿಲ್ಲ, ನಿಮಗೆ ಬ್ರೈಲೂ ಮರೆತಿಲ್ಲ. ಆ ಕನ್ನಡ ಫೈಲಿನ ಕಥೆ ಆಮೇಲೆ ಹೇಳುತ್ತೇನೆ, ಮೊದಲು ಶುರುವಿನ ಮಾತು.

ಮೊದಲ ಸಲಹೆ, ಫೋನಿಗೆ ಈಗಲೇ ಜೋಡಿಸಬೇಡಿ. ಬ್ಲೂಟೂತ್ ಸದ್ಯಕ್ಕೆ ಮರೆತುಬಿಡಿ. ಯಂತ್ರ ಒಂದೇ, ಕಾರ್ಡು ಒಂದೇ, ಫೈಲೂ ಒಂದೇ ಇರಲಿ. ತುಂಬಾ ಜನ ಮೊದಲ ದಿನವೇ ಫೋನು, ಕಂಪ್ಯೂಟರು, ಪುಸ್ತಕ ಎಲ್ಲಕ್ಕೂ ಕೈ ಹಾಕುತ್ತಾರೆ. ಯಾವುದೋ ಒಂದು ಕಡೆ ಸಿಕ್ಕಿಹಾಕಿಕೊಂಡು ಇದು ಆಗುವ ಹೋಗುವ ಕೆಲಸವಲ್ಲ ಅಂತ ಬೀರುವಿನಲ್ಲಿ ಇಡುತ್ತಾರೆ. ಸಂಸ್ಥೆಗಳು ಹಂಚಿದ ಯಂತ್ರಗಳಲ್ಲಿ ಹೀಗೆ ಬೀರು ಸೇರಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೊಡುವವರು ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಪಕ್ಕದಲ್ಲಿ ಕೂತು ಕಲಿಸುವವರು ಯಾರೂ ಇರುವುದಿಲ್ಲ.

ಯಂತ್ರವನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಸವರಿ ನೋಡಿ. ನಿಮ್ಮ ಹತ್ತಿರದ ಅಂಚಿನಲ್ಲಿ 20 ಸೆಲ್ಲಿನ ಸಾಲು, ಸೆಲ್ ಅಂದರೆ ಒಂದು ಬ್ರೈಲ್ ಅಕ್ಷರದ ಚುಕ್ಕಿಗಳು ಏಳುವ ಮನೆ. ಅದರ ಎರಡೂ ತುದಿಗೆ ಒಂದೊಂದು ಗುಂಡಿ, ಸಾಲನ್ನು ಮುಂದೆ ಹಿಂದೆ ಸರಿಸಲು. ಮೇಲುಗಡೆ ಬರೆಯುವ ಕೀಲಿಗಳು, ಮಧ್ಯದಲ್ಲಿ ನಾಲ್ಕು ದಿಕ್ಕಿನ ಬಾಣ ಮತ್ತು ಅದರ ನಡುವೆ ಸೆಲೆಕ್ಟ್. ಎಡಗೈ ತೋರುಬೆರಳಿಗೆ 1ನೇ ಚುಕ್ಕಿಯ ಕೀಲಿ, ಮಧ್ಯದ ಬೆರಳಿಗೆ 2, ಉಂಗುರ ಬೆರಳಿಗೆ 3. ಬಲಗೈಯಲ್ಲಿ ಅದೇ ಕ್ರಮದಲ್ಲಿ 4, 5, 6. ಕಿರುಬೆರಳುಗಳಿಗೆ 7 ಮತ್ತು 8. ಬರೆಯುವಾಗ 7 ಒತ್ತಿದರೆ ಹಿಂದಿನ ಅಕ್ಷರ ಅಳಿಸುತ್ತದೆ, 8 ಒತ್ತಿದರೆ ಹೊಸ ಸಾಲು. ಇವೆರಡು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಸ್ಲೇಟಿನಿಂದ ಬಂದವರಿಗೆ ಮೊದಲು ಸ್ವಲ್ಪ ಗೊಂದಲ ಆಗುತ್ತದೆ. ಅಲ್ಲಿ ಕಾಗದದ ಹಿಂಬದಿಯಿಂದ, ಬಲದಿಂದ ಎಡಕ್ಕೆ, ಅಕ್ಷರವನ್ನು ತಿರುಗಿಸಿ ಚುಚ್ಚಬೇಕಿತ್ತು. ಇಲ್ಲಿ ಓದುವ ಹಾಗೆಯೇ ಬರೆಯುವುದು. ಮತ್ತೆ, ಚುಕ್ಕಿ ಒಂದೊಂದಾಗಿ ಅಲ್ಲ, ಒಂದು ಅಕ್ಷರದ ಚುಕ್ಕಿಗಳನ್ನೆಲ್ಲ ಒಟ್ಟಿಗೆ ಒತ್ತಬೇಕು. ಶಾಲೆಯಲ್ಲಿ ಪರ್ಕಿನ್ಸ್ ಬ್ರೈಲರ್ ಅನ್ನುವ ಬ್ರೈಲ್ ಟೈಪ್‌ರೈಟರ್ ಮುಟ್ಟಿದ್ದರೆ ಬೇಗ ಬರುತ್ತದೆ.

ಬೆರಳಿಗೆ ಓದು ಮರಳಿ ಬರಬೇಕಾದರೆ ಹೊಸ ಪುಸ್ತಕ ಹಿಡಿಯಬೇಡಿ. ನಿಮಗೆ ಬಾಯಿಪಾಠ ಇರುವ ದೇವರನಾಮ ಒಂದನ್ನು ನೀವೇ ಟೈಪ್ ಮಾಡಿ, ಅದನ್ನೇ ಓದಿ. ಮುಂದಿನ ಪದ ಯಾವುದು ಅಂತ ಮನಸ್ಸಿಗೆ ಗೊತ್ತಿರುತ್ತದೆ, ಬೆರಳು ಅದನ್ನು ಹಿಂಬಾಲಿಸುತ್ತದೆ. ಬಳ್ಳಿಗೆ ಹಂದರ ಸಿಕ್ಕ ಹಾಗೆ. ನಾನು ಮಕ್ಕಳಿಗೂ ಇದನ್ನೇ ಮಾಡಿಸುವುದು.

ಈಗ ಆ ಕನ್ನಡ ಫೈಲು. ನಿಮ್ಮ ಮಾದರಿಯ ಒಳಗೆ ಅಕ್ಷರವನ್ನು ಬ್ರೈಲ್‌ಗೆ ತಿರುಗಿಸುವ ವ್ಯವಸ್ಥೆ ಇಲ್ಲ. ಪ್ಲಸ್ ಮಾದರಿಯಲ್ಲಿ ಇದೆ. ನಿಮ್ಮದು ಕೊಟ್ಟ ಫೈಲನ್ನು ಹಾಗೆಯೇ ಚುಕ್ಕಿ ಮಾಡಿ ಎತ್ತುತ್ತದೆ, ಅದಕ್ಕೆ ಕನ್ನಡ ಯಾವುದು ಇಂಗ್ಲಿಷ್ ಯಾವುದು ಗೊತ್ತಿಲ್ಲ. ಹಾಗಾಗಿ ಯೂನಿಕೋಡ್ ಕನ್ನಡ ಕೊಟ್ಟರೆ ಕಸ ಬರುತ್ತದೆ. ಮೊದಲೇ ಕಂಪ್ಯೂಟರಿನಲ್ಲಿ ಬಿಆರ್‌ಎಫ್ ಅನ್ನುವ ಬ್ರೈಲ್ ಫೈಲಾಗಿ ತಿರುಗಿಸಿ ಹಾಕಬೇಕು. ಅದನ್ನು ಗೊತ್ತಿರುವವರು ಯಾರಾದರೂ ಕೆಳಗೆ ಬರೆಯುತ್ತಾರೆ, ನಾನು ಕಂಪ್ಯೂಟರಿನಲ್ಲಿ ಅಷ್ಟಕ್ಕಷ್ಟೇ.

ಆದರೆ ನೀವೇ ಅದರಲ್ಲಿ ಕನ್ನಡ ಬರೆದರೆ ಯಾವ ತೊಂದರೆಯೂ ಇಲ್ಲ. ನೀವು ಶಾಲೆಯಲ್ಲಿ ಕಲಿತ, ನಮ್ಮ ದೇಶದ ಭಾಷೆಗಳಿಗೆ ಇರುವ ಭಾರತಿ ಬ್ರೈಲ್‌ನಲ್ಲೇ ಒತ್ತಿ. ಅದು ಚುಕ್ಕಿಯನ್ನು ಚುಕ್ಕಿಯಾಗಿಯೇ ಇಟ್ಟುಕೊಳ್ಳುತ್ತದೆ, ಮತ್ತೆ ಚುಕ್ಕಿಯಾಗಿಯೇ ಕೊಡುತ್ತದೆ. ಆ ಫೈಲನ್ನು ನಿಮ್ಮ ತಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಮಾತ್ರ ಅವನಿಗೆ ನಗು ಬರುತ್ತದೆ. ನೀವು ಅಕ್ಕ ಅಂತ ಬರೆದದ್ದು ಅಲ್ಲಿ ಇಂಗ್ಲಿಷಿನ ಎ, ಅದರ ಪಕ್ಕ ಈಮೇಲಿನಲ್ಲಿ ಬರುವ ಅಟ್ ಗುರುತು, ಆಮೇಲೆ ಎರಡು ಕೆ ಆಗಿ ಕಾಣುತ್ತದೆ. ಒತ್ತಕ್ಷರಕ್ಕೆ ನಾವು ಮುಂದೆ ಹಾಕುವ 4ನೇ ಚುಕ್ಕಿಯೇ ಆ ಅಟ್ ಗುರುತು. ಅದು ತಪ್ಪಲ್ಲ, ಅಳಿಸಬೇಡ ಅಂತ ಹೇಳಿಡಿ.

ಬನಶಂಕರಿ_ಬಿಟ್ಸ್

ಬಿಆರ್‌ಎಫ್ ವಿಷಯ ನಾನು ಹೇಳುತ್ತೇನೆ ಅಕ್ಕ.

ಕಂಪ್ಯೂಟರಿನಲ್ಲಿ ಸಾವೊ ಮಾಯ್ ಬ್ರೈಲ್ ಅಂತ ಒಂದು ತಂತ್ರಾಂಶ ಹಾಕಿಸಿ, ಉಚಿತ. ವಿಯೆಟ್ನಾಂನವರು ಮಾಡಿದ್ದು. ಕನ್ನಡ ಟೆಕ್ಸ್ಟ್ ಅಥವಾ ವರ್ಡ್ ಫೈಲ್ ತೆರೆಯಿರಿ, ಬ್ರೈಲ್ ಭಾಷೆ ಕನ್ನಡ ಅಂತ ಆರಿಸಿ, ತಿರುಗಿಸಿ, ಬಿಆರ್‌ಎಫ್ ಆಗಿ ಉಳಿಸಿ, ಕಾರ್ಡಿಗೆ ಹಾಕಿ. ಸಂಸ್ಥೆಗಳಲ್ಲಿ ಡಕ್ಸ್‌ಬರಿ ಇರುತ್ತದೆ, ಅದೂ ಆಗುತ್ತದೆ, ಆದರೆ ದುಡ್ಡು ಕೊಡಬೇಕು, ಮನೆಗೆ ಅದು ಬೇಡ. ಕಾರ್ಡು ಎಫ್‌ಎಟಿ 32 ಫಾರ್ಮ್ಯಾಟಿನಲ್ಲಿರಬೇಕು, 32 ಜಿಬಿವರೆಗೆ ತೆಗೆದುಕೊಳ್ಳುತ್ತದೆ. ಅಷ್ಟು ದೊಡ್ಡದು ನಿಮಗೆ ಬೇಕಾಗುವುದೂ ಇಲ್ಲ, ಬ್ರೈಲ್ ಫೈಲುಗಳು ಚಿಕ್ಕವು.

ಪಿಡಿಎಫ್ ಇದ್ದರೆ ಸ್ವಲ್ಪ ಹುಷಾರು. ಕಚೇರಿಯ ಹಳೆಯ ಸುತ್ತೋಲೆಗಳು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿರುತ್ತವೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಚೂರು. ಅದನ್ನು ಮೊದಲು ಯೂನಿಕೋಡಿಗೆ ತರಬೇಕು, ಆಮೇಲೆ ಬ್ರೈಲ್. ಸ್ಕ್ಯಾನ್ ಮಾಡಿದ್ದಾದರೆ ಓಸಿಆರ್ ಮಾಡಿ, ಅಂದರೆ ಚಿತ್ರದಿಂದ ಅಕ್ಷರ ತೆಗೆಸಿ, ತಪ್ಪು ತಿದ್ದಿ, ಆಮೇಲೆ ಬ್ರೈಲ್. ಈ ಕೆಲಸ ಯಂತ್ರದ್ದಲ್ಲ, ಆದರೆ ಬೈಗುಳ ಮಾತ್ರ ಯಂತ್ರಕ್ಕೇ ಬೀಳುತ್ತದೆ.

ಓದಲು ಪುಸ್ತಕ ಬೇಕಿದ್ದರೆ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯದಲ್ಲಿ ಸದಸ್ಯರಾಗಿ. 2016ರಲ್ಲಿ ಕೇಂದ್ರ ಸರ್ಕಾರ ಮತ್ತು ಡೈಸಿ ಫೋರಂ ಸೇರಿ ಶುರು ಮಾಡಿದ್ದು, ಕನ್ನಡದ ಪುಸ್ತಕಗಳೂ ಇವೆ. ಬೆಂಗಳೂರಿನಲ್ಲಿ ಮಿತ್ರಜ್ಯೋತಿಯಂಥ ಸಂಸ್ಥೆಗಳು ಬ್ರೈಲ್ ಪುಸ್ತಕ ತಯಾರಿಸುತ್ತವೆ, ಕೇಳಿ ನೋಡಬಹುದು.

ಕಂಪ್ಯೂಟರಿಗೆ ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಎನ್‌ವಿಡಿಎ ಅನ್ನುವ, ಪರದೆ ಓದಿ ಹೇಳುವ ತಂತ್ರಾಂಶದ ಜೊತೆ ಬಳಸಿದರೆ ಮೇಲಿನ ತಾಪತ್ರಯ ಯಾವುದೂ ಇಲ್ಲ. ಆಗ ತಿರುಗಿಸುವ ಕೆಲಸ ಎನ್‌ವಿಡಿಎ ಮಾಡುತ್ತದೆ, ನಿಮ್ಮ ಯಂತ್ರ ಬರೀ ಚುಕ್ಕಿ ಎತ್ತುತ್ತದೆ. ಎನ್‌ವಿಡಿಎ ಸೆಟ್ಟಿಂಗ್ಸ್‌ನಲ್ಲಿ ಬ್ರೈಲ್ ಭಾಗಕ್ಕೆ ಹೋಗಿ ಔಟ್‌ಪುಟ್ ಟೇಬಲ್ ಅನ್ನು ಕನ್ನಡ ಗ್ರೇಡ್ 1, ಅಂದರೆ ಸಂಕ್ಷೇಪವಿಲ್ಲದ ಬ್ರೈಲ್, ಮಾಡಿ. ಕಚೇರಿಯಲ್ಲಿ ಕಡತ ತಿದ್ದುವಾಗ ಇದು ಬಹಳ ಅನುಕೂಲ.

ಕೀಲಿಮಣೆ_ರಾಯ

ಯಾರಿಗೂ ಬೇಜಾರು ಬೇಡ, ಒಂದು ಮಾತು ಕೇಳುತ್ತೇನೆ. ಇದೆಲ್ಲ ಯಾಕೆ? ಫೋನಿನಲ್ಲೇ ಈಗ ಬ್ರೈಲ್ ಕೀಬೋರ್ಡ್ ಇದೆ, ಆಂಡ್ರಾಯ್ಡಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್‌ನಲ್ಲೂ ಐಫೋನಿನಲ್ಲೂ. ಪರದೆಯ ಮೇಲೆ ಆರು ಬೆರಳಿಟ್ಟು ಬರೆಯಬಹುದು, ಕೇಳಿಸಿಕೊಳ್ಳಬಹುದು. ಪಟ್ಟಿ, ನಂಬರು, ಅಲಾರಂ ಎಲ್ಲ ಅಲ್ಲೇ. ನಾನು ಹೇಳಿದರೆ ಸಾಕು, ಫೋನೇ ಬರೆದುಕೊಳ್ಳುತ್ತದೆ. ಜೊತೆಗೆ ಇನ್ನೊಂದು ಡಬ್ಬಿ, ಅದಕ್ಕೊಂದು ಚಾರ್ಜರ್, ಅದಕ್ಕೊಂದು ಕಾರ್ಡು. 20 ಸೆಲ್ಲಿನಲ್ಲಿ ಕನ್ನಡದ ಎಷ್ಟು ಪದ ಹಿಡಿಸುತ್ತದೆ ಹೇಳಿ? ಮಾಡಬೇಕಾಗುತ್ತದೆ ಅನ್ನುವ ಒಂದು ಪದಕ್ಕೇ 14 ಸೆಲ್ ಬೇಕು. ಪುಸ್ತಕ ಓದುವುದಂತೂ ದೂರದ ಮಾತು. ದುಡ್ಡು ಕೊಟ್ಟು ಕೊಳ್ಳುವವರಿಗೆ ನಾನಾದರೆ ಬೇಡ ಅಂತಲೇ ಹೇಳುತ್ತೇನೆ. ಇವರಿಗೆ ಪುಕ್ಕಟೆ ಸಿಕ್ಕಿದೆ, ಸರಿ.

ಬ್ಯಾಂಕ್_ಕೌಂಟರ್_3

ರಾಯರೇ, ಪುಸ್ತಕ ಓದುವ ವಿಷಯದಲ್ಲಿ ನೀವು ಹೇಳಿದ್ದು ನಿಜ. ಕಾದಂಬರಿಯನ್ನು ನಾನೂ ಕೇಳುತ್ತೇನೆ, ಓದುವುದಿಲ್ಲ. ಆದರೆ ಅವರು ಕೇಳಿದ್ದು ಕಾದಂಬರಿ ಅಲ್ಲವಲ್ಲ.

ನಾನು ಬ್ಯಾಂಕಿನಲ್ಲಿದ್ದೇನೆ. ಮೀಟಿಂಗಿನಲ್ಲಿ ಮ್ಯಾನೇಜರ್ ಮಾತಾಡುತ್ತಿರುವಾಗ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತರೆ ಮುಂದಿರುವವರ ಮಾತು ಅರ್ಧ ಹೋಗುತ್ತದೆ, ಜೊತೆಗೆ ಇವನು ಹಾಡು ಕೇಳುತ್ತಿದ್ದಾನೆ ಅಂತ ಎದುರಿನವರ ಮುಖ ಗಂಟಾಗುತ್ತದೆ ಅಂತ ಪಕ್ಕದವರು ಹೇಳಿ ಗೊತ್ತು. ಬೆರಳಿನಲ್ಲಿ ಓದಿದರೆ ಎರಡೂ ಕಿವಿ ಖಾಲಿ. ಇನ್ನು ಗ್ರಾಹಕರ ಮುಂದೆ ಅವರ ಖಾತೆ ನಂಬರನ್ನು ಫೋನು ಜೋರಾಗಿ ಓದುವುದು ಚೆನ್ನಾಗಿರುತ್ತದಾ?

ಇನ್ನೊಂದು ವಿಷಯ ಕಾಗುಣಿತ. ದನಿ ಕೇಳಿಯೇ ಬೆಳೆದ ಈಗಿನ ಹುಡುಗರ ಅರ್ಜಿ ನೋಡಿದರೆ ಗೊತ್ತಾಗುತ್ತದೆ. ಶ ಎಲ್ಲಿ, ಷ ಎಲ್ಲಿ, ಮಹಾಪ್ರಾಣ ಎಲ್ಲಿ ಅನ್ನುವುದು ಯಂತ್ರದ ದನಿಯಲ್ಲಿ ಕಿವಿಗೆ ಸರಿಯಾಗಿ ಬೀಳುವುದೇ ಇಲ್ಲ. ಬೆರಳಿಗೆ ಶ ಅಂದರೆ 1-4-6, ಷ ಅಂದರೆ 1-2-3-4-6. ಗೊಂದಲವೇ ಇಲ್ಲ. ಕಚೇರಿಯಲ್ಲಿ ಟಿಪ್ಪಣಿ ಬರೆಯುವವರಿಗೆ ಇದು ಸಣ್ಣ ವಿಷಯ ಅಲ್ಲ.

ನನ್ನ ಲೆಕ್ಕ ಹೀಗೆ. ಉದ್ದದ್ದು ಕಿವಿಗೆ, ಅಕ್ಷರ ತಪ್ಪಬಾರದ್ದು ಬೆರಳಿಗೆ. ಹೆಸರು, ನಂಬರು, ತಾರೀಖು, ವಿಳಾಸ, ಹಾಡಿನ ಸಾಹಿತ್ಯ, ಭಾಷಣದ ಅಂಶಗಳು, ಇವಿಷ್ಟನ್ನೂ ಯಂತ್ರಕ್ಕೆ ಹಾಕಿ. ಉಳಿದದ್ದಕ್ಕೆ ಫೋನ್ ಇದೆ. ಆ 20 ಸೆಲ್ ಸಾಕಾಗುವುದಿಲ್ಲ ಅನ್ನುವ ದೂರು ಆಗ ತಾನಾಗಿಯೇ ಕಡಿಮೆಯಾಗುತ್ತದೆ.

ಫೋನ್ ನಂಬರಿನದ್ದೇ ನೋಡಿ. ಮುಂದೆ ಬರುವುದು ಅಂಕಿ ಅಂತ ಹೇಳುವ ಅಂಕಿ ಗುರುತು ಒಂದು, ಅಂಕಿ ಹತ್ತು, ಒಟ್ಟು 11 ಸೆಲ್. ಒಂದು ಖಾಲಿ ಜಾಗ. ಉಳಿದ 8 ಸೆಲ್ಲಿನಲ್ಲಿ ಹೆಸರು. ಗ್ಯಾಸ್ ಅನ್ನುವುದಕ್ಕೆ 6 ಸಾಕು. ಒಬ್ಬರಿಗೆ ಒಂದು ಸಾಲು ಅಂತ ಇಟ್ಟುಕೊಂಡರೆ ಸರಿಸುವ ಕೆಲಸವೇ ಇಲ್ಲ, ಕೆಳಗಿನ ಬಾಣ ಒತ್ತುತ್ತಾ ಹೋದರೆ ಆಯಿತು. ಹೆಸರು ಮೊದಲು ಬರಲಿ, ನಂಬರು ಆಮೇಲೆ. ಬೆರಳು ಎಡತುದಿಯಲ್ಲೇ ಇದ್ದರೆ ಬೇಕಾದವರು ಬೇಗ ಸಿಗುತ್ತಾರೆ.

ಟಿಪ್ಪಣಿಯಲ್ಲಿ ಪುಸ್ತಕದ ಭಾಷೆ ಬೇಡ. ಮಾಡಬೇಕಾಗುತ್ತದೆ ಅಂತ ಯಾಕೆ ಬರೆಯಬೇಕು, ಮಾಡು ಅಂತ ಬರೆದರೆ 4 ಸೆಲ್. ಕನ್ನಡ ಬ್ರೈಲ್‌ನಲ್ಲಿ ಇಂಗ್ಲಿಷಿನ ಗ್ರೇಡ್ 2ರಷ್ಟು ಸಂಕ್ಷೇಪ ಇಲ್ಲ, ಹಾಗಾಗಿ ನಿಮ್ಮದೇ ಸಂಕ್ಷೇಪ ಮಾಡಿಕೊಳ್ಳಿ. ನಾನು ಶಾಖೆಗೆ ಬರೀ ಶ, ಖಾತೆಗೆ ಬರೀ ಖ ಬರೆಯುತ್ತೇನೆ. ಬೇರೆಯವರಿಗೆ ಅರ್ಥ ಆಗದಿದ್ದರೆ ಒಳ್ಳೆಯದೇ.

ಎಟಿಎಂ ಪಿನ್, ಪಾಸ್‌ವರ್ಡ್ ಮಾತ್ರ ಅದರಲ್ಲಿ ಇಡಬೇಡಿ. ಬ್ರೈಲ್ ಯಾರಿಗೆ ಬರುತ್ತದೆ ಅಂತ ಧೈರ್ಯ ಬೇಡ, ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದರೆ ಅಂಕಿ ಬಿಡಿಸುವುದು ಮಕ್ಕಳಾಟ.

ಕೀಲಿಮಣೆ_ರಾಯ

ಮೀಟಿಂಗ್ ವಿಷಯ ಒಪ್ಪಿದೆ ಸರ್. ಆದರೆ ಆ ಟರ್ರ್ ಸದ್ದು? ಸಾಹೇಬರು ತಿರುಗಿ ನೋಡುವುದಿಲ್ಲವಾ?

ಬ್ಯಾಂಕ್_ಕೌಂಟರ್_3

ನೋಡುತ್ತಾರೆ, ಮೊದಲ ದಿನ. ಈ ಯಂತ್ರದಲ್ಲಿ ಚುಕ್ಕಿ ಎಡದಿಂದ ಬಲಕ್ಕೆ ಒಂದರ ಹಿಂದೆ ಒಂದು ಏಳುತ್ತದೆ, ಅದಕ್ಕೇ ಆ ಸದ್ದು. ದುಬಾರಿ ಯಂತ್ರಗಳಲ್ಲಿ ಪ್ರತಿ ಚುಕ್ಕಿಯ ಕೆಳಗೂ ಒಂದು ಪೀಜೋ ಪಟ್ಟಿ ಇರುತ್ತದೆ, ವಿದ್ಯುತ್ ಹರಿದಾಗ ಅದು ಬಾಗಿ ಚುಕ್ಕಿಯನ್ನು ಎತ್ತುತ್ತದೆ. ಬೇಗ, ಸದ್ದೂ ಕಡಿಮೆ. ಒಂದು ಸೆಲ್ಲಿಗೆ ಅಂಥವು ಎಂಟು ಬೇಕು, ಹಾಗಾಗಿಯೇ 40 ಸೆಲ್ಲಿನ ಯಂತ್ರದ ಬೆಲೆ ಲಕ್ಷದ ಲೆಕ್ಕಕ್ಕೆ ಹೋಗುತ್ತದೆ. ಆರ್ಬಿಟ್‌ನವರು ಬೇರೆ ದಾರಿ ಹಿಡಿದು ಬೆಲೆ ಇಳಿಸಿದರು, ಅದಕ್ಕೆ ಪ್ರತಿಯಾಗಿ ನಿಧಾನ ಮತ್ತು ಸದ್ದು ಬಂತು. ಚುಕ್ಕಿ ಗಟ್ಟಿಯಾಗಿದೆ, ಒತ್ತಿ ಓದಿದರೂ ಕೆಳಗಿಳಿಯುವುದಿಲ್ಲ, ಬ್ರೈಲ್ ಬಿಟ್ಟು ತುಂಬಾ ದಿನ ಆದವರಿಗೆ ಅದು ಅನುಕೂಲವೇ.

ಮರದ ಮೇಜಿನ ಮೇಲೆ ಸದ್ದು ಜಾಸ್ತಿ. ತೊಡೆಯ ಮೇಲೆ ಅಥವಾ ಮಡಿಸಿದ ಟವೆಲ್ ಮೇಲೆ ಇಡಿ. ಮೀಟಿಂಗಿನಲ್ಲಿ ಬರೆಯುವಾಗ ಅಷ್ಟೇನೂ ಸದ್ದಿಲ್ಲ, ಸಾಲು ಬದಲಿಸಿದಾಗಲೇ ಜಾಸ್ತಿ. ನಾನು ಶುರುವಿಗೆ ಮುಂಚೆಯೇ ಸಾಹೇಬರಿಗೆ ಹೇಳಿಬಿಡುತ್ತೇನೆ, ಇದು ನನ್ನ ನೋಟ್‌ಬುಕ್ಕು ಅಂತ.

ಉಡುಪಿ_ಆಂಡ್ರಾಯ್ಡ್

ಫೋನಿಗೆ ಜೋಡಿಸುವುದನ್ನು ಯಾರೂ ಹೇಳಲಿಲ್ಲ, ಮೇಷ್ಟ್ರು ಬೇಡ ಅಂದದ್ದಕ್ಕೆ ಹೆದರಿದ್ದಾರೋ ಏನೋ. ಸ್ವಲ್ಪ ದಿನ ಆದ ಮೇಲೆ ಇದನ್ನು ನೋಡಿಕೊಳ್ಳಿ ಅಕ್ಕ.

ಆಂಡ್ರಾಯ್ಡ್ 13 ಮತ್ತು ಮೇಲಿನದಾದರೆ ಬೇರೆ ಆಪ್ ಬೇಡ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಟಾಕ್‌ಬ್ಯಾಕ್, ಅದರ ಸೆಟ್ಟಿಂಗ್ಸ್, ಒಳಗೆ ಬ್ರೈಲ್ ಡಿಸ್‌ಪ್ಲೇ. ಯಂತ್ರದಲ್ಲಿ ಬ್ಲೂಟೂತ್ ಆನ್ ಇಟ್ಟು ಅಲ್ಲಿಂದ ಹುಡುಕಿ. ಫೋನಿಗೆ ಬರೆಯಲೂ ಬೇಕು ಅಂದರೆ ಟಾಕ್‌ಬ್ಯಾಕ್ ಬ್ರೈಲ್ ಕೀಬೋರ್ಡನ್ನು ಫೋನಿನ ಕೀಬೋರ್ಡ್ ಪಟ್ಟಿಯಲ್ಲಿ ಆನ್ ಮಾಡಿಡಬೇಕು, ಇದನ್ನು ಬಿಟ್ಟು ಬರೆಯಲು ಆಗುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ. ಐಫೋನ್ ಆದರೆ ಬ್ಲೂಟೂತ್ ಪಟ್ಟಿಯಿಂದ ಅಲ್ಲ, ಅದರಲ್ಲಿ ಪರದೆ ಓದಿ ಹೇಳುವ ವಾಯ್ಸ್‌ಓವರ್ ಒಳಗಿನ ಬ್ರೈಲ್ ಪುಟದಿಂದ ಜೋಡಿಸಿ.

ಜೋಡಿಸಿದ ಮೇಲೆ ಸ್ಪೇಸ್ ಜೊತೆ 4 ಒತ್ತಿದರೆ ಮುಂದಿನದು, ಸ್ಪೇಸ್ ಜೊತೆ 1 ಒತ್ತಿದರೆ ಹಿಂದಿನದು. ಸ್ಪೇಸ್ ಜೊತೆ 1-2-5 ಹೋಮ್, ಸ್ಪೇಸ್ ಜೊತೆ 1-2 ಹಿಂದಕ್ಕೆ. ಇವು ನಾಲ್ಕು ಸಾಕು, ಫೋನ್ ಬ್ಯಾಗಿನಲ್ಲೇ ಇಟ್ಟು ವಾಟ್ಸ್ಯಾಪ್ ಓದಬಹುದು. ಬಸ್ಸಿನಲ್ಲಿ ಎಷ್ಟು ಆರಾಮ ಅಂದರೆ, ಫೋನ್ ಕಿತ್ತುಕೊಂಡು ಓಡುವ ಭಯವೂ ಇಲ್ಲ.

ಮುಖ್ಯವಾಗಿ ಒಂದು ತಿಳಿದಿರಲಿ. ಫೋನಿಗೆ ಜೋಡಿಸಿದಾಗ ನೀವು ಬರೆದದ್ದು ಫೋನಿಗೆ ಹೋಗುತ್ತದೆ, ಕಾರ್ಡಿಗೆ ಅಲ್ಲ. ಕಾರ್ಡಿನಲ್ಲಿ ಬರೆದದ್ದು ತಾನಾಗಿ ಫೋನಿಗೆ ಬರುವುದೂ ಇಲ್ಲ. ಎರಡೂ ಬೇರೆ ಬೇರೆ ಮನೆ. ಪಟ್ಟಿ ಎಲ್ಲಿ ಹೋಯಿತು ಅಂತ ಹುಡುಕುವವರೆಲ್ಲ ಇದನ್ನೇ ಮರೆತಿರುತ್ತಾರೆ. ಭಾಷೆಯೂ ಅಷ್ಟೇ, ಫೋನಿನ ಬ್ರೈಲ್ ಭಾಷೆ ಇಂಗ್ಲಿಷಿನಲ್ಲಿದ್ದರೆ ಕನ್ನಡ ಮೆಸೇಜು ಓದಲು ಬರುವುದಿಲ್ಲ, ಯಂತ್ರವನ್ನು ಬೈಯುವ ಮುಂಚೆ ಅದನ್ನು ನೋಡಿ.

ಮಲೆನಾಡ_ಗುಮಾಸ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ಹಾಗೆ ಫೋನ್ ಪಕ್ಕಕ್ಕಿಟ್ಟು ಒಂದೇ ಫೈಲಿನಲ್ಲಿ ಶುರು ಮಾಡಿದೆ. ಬಾಯಿಪಾಠ ಇದ್ದ ಹಾಡು ಬರೆದು ಓದಿದ್ದು ಬಹಳ ಸಹಾಯ ಆಯಿತು, ಬೆರಳು ಮರೆತಿಲ್ಲ, ನಿಧಾನ ಆಗಿದೆ ಅಷ್ಟೇ. ಸಾಮಾನಿನ ಪಟ್ಟಿಯೂ ಹಾಕಿದೆ. ಅಂಗಡಿಯಲ್ಲಿ ನಿಂತು ಒಂದೊಂದು ಸಾಲು ಓದಿ ಹೇಳಿದರೆ ಅಂಗಡಿಯವರಿಗೇ ಕುತೂಹಲ, ಕೆಲಸ ಬಿಟ್ಟು ನೋಡುತ್ತಾರಂತೆ.

ಇನ್ನೆರಡು ಸಂದೇಹ. ಅಂಕಿ ಗುರುತು 3-4-5-6, ನಮ್ಮ ಣ ಅಕ್ಷರವೂ 3-4-5-6. ಶಾಲೆಯಲ್ಲಿ ಇದು ತೊಂದರೆ ಕೊಟ್ಟ ನೆನಪಿಲ್ಲ, ಈಗ ಪಟ್ಟಿಯಲ್ಲಿ ಅಂಕಿ ಜಾಸ್ತಿ ಇರುವುದಕ್ಕೋ ಏನೋ ಅಲ್ಲಲ್ಲಿ ಎಡವುತ್ತಿದ್ದೇನೆ. ಇನ್ನೊಂದು, ಹಾರ್ಮೋನಿಯಂ ಮುಂದೆ ಕೂತು ಹಾಡಿನ ಸಾಹಿತ್ಯ ಓದುವುದು ಹೇಗೆ?

ಗದಗಿನ_ಮೇಷ್ಟ್ರು

ಹಾರ್ಮೋನಿಯಂ ಜೊತೆ ಆಗುವುದಿಲ್ಲ ತಂಗಿ, ನೇರವಾಗಿ ಹೇಳಿಬಿಡುತ್ತೇನೆ. ಒಂದು ಕೈ ತಿದಿಗೆ, ಒಂದು ಕೈ ಮನೆಗಳಿಗೆ, ಓದಲು ಮೂರನೇ ಕೈ ಎಲ್ಲಿಂದ ತರುವುದು? ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ನನ್ನ ಗೆಳೆಯರೆಲ್ಲ ಸಾಹಿತ್ಯವನ್ನು ಬಾಯಿಪಾಠ ಮಾಡಿಯೇ ಹಾಡುವುದು. ಅವರಿಗೂ ಬ್ರೈಲ್ ಬೇಕಾಗುವುದು ಹಾಡುವ ಮುಂಚೆ, ಮೂರನೇ ನುಡಿ ಯಾವುದರಿಂದ ಶುರು ಅಂತ ಒಮ್ಮೆ ನೋಡಿಕೊಳ್ಳಲು. ನೀವೂ ಹಾಗೆ ಮಾಡಿ. ಪ್ರತಿ ಹಾಡಿಗೆ ಒಂದು ಫೈಲು, ಮೊದಲ ಸಾಲಿನಲ್ಲಿ ರಾಗ, ತಾಳ, ಶ್ರುತಿ, ಆಮೇಲೆ ಪ್ರತಿ ನುಡಿಯ ಮೊದಲ ಎರಡು ಪದ. ಪೂರ್ತಿ ಸಾಹಿತ್ಯ ಅದರ ಕೆಳಗೆ. ಬೇರೆಯವರು ಹಾರ್ಮೋನಿಯಂ ಹಿಡಿದು ನೀವು ಬರೀ ಹಾಡುವ ದಿನ ಮಾತ್ರ ತೊಡೆಯ ಮೇಲಿಟ್ಟು ಓದುತ್ತಾ ಹಾಡಬಹುದು. ಆಗ ಒಂದು ಸಾಲು 20 ಸೆಲ್ ದಾಟದ ಹಾಗೆ ನೀವೇ ಉಸಿರು ತೆಗೆಯುವ ಜಾಗ ನೋಡಿ ಮುರಿದು ಬರೆಯಿರಿ. ಸರಿಸುವ ಸದ್ದು ತಬಲಾದ ಮಧ್ಯೆ ಯಾರಿಗೂ ಕೇಳುವುದಿಲ್ಲ.

ಣ ವಿಷಯ. ಕನ್ನಡ ಪದ ಣದಿಂದ ಶುರುವಾಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಖಾಲಿ ಜಾಗದ ನಂತರ 3-4-5-6 ಬಂದರೆ ಅಂಕಿ, ಪದದ ಮಧ್ಯೆ ಬಂದರೆ ಣ. ಶಾಲೆಯಲ್ಲಿ ನಿಮಗೆ ತೊಂದರೆ ಆಗದ್ದು ಇದಕ್ಕೇ. ಈಗ ಎಡವುತ್ತಿರುವುದು ಬಹುಶಃ ಇನ್ನೊಂದು ಕಡೆ. ಅಂಕಿಯ ಪಕ್ಕ ಜಾಗ ಬಿಡದೆ ಅಕ್ಷರ ಬರೆಯುತ್ತಿದ್ದೀರಾ ನೋಡಿ. 1ರಿಂದ 0ವರೆಗಿನ ಅಂಕಿಗಳ ಚುಕ್ಕಿಯೇ ನಮ್ಮ ಕೆಲವು ಅಕ್ಷರಗಳ ಚುಕ್ಕಿ. 2 ಅಂದರೆ ಬ, 4 ಅಂದರೆ ದ, 9 ಅಂದರೆ ಇ. ಹಾಗಾಗಿ 4 ದಿನ ಅಂತ ಜಾಗ ಬಿಡದೆ ಬರೆದರೆ ಬೆರಳಿಗೆ ಅದು 449, ಪಕ್ಕದಲ್ಲಿ ಒಂದು ನ. ಎರಡು ಬಾಟಲಿ ಎಣ್ಣೆ 22 ಆಗಿಬಿಡುತ್ತದೆ. ಅಂಕಿ ಮುಗಿದ ಮೇಲೆ ಒಂದು ಜಾಗ ಬಿಡುವುದನ್ನು ರೂಢಿ ಮಾಡಿಕೊಳ್ಳಿ. ಕಚೇರಿಯ ಫೈಲ್ ನಂಬರಿನಲ್ಲಿ ಅಂಕಿ, ಅಕ್ಷರ, ಗೆರೆ ಎಲ್ಲ ಕಲಸಿರುತ್ತದೆ ಅಲ್ವಾ, ಅಲ್ಲಂತೂ ಪ್ರತಿ ತುಂಡಿಗೂ ಅಂಕಿ ಗುರುತನ್ನು ಹೊಸದಾಗಿ ಹಾಕಿ.

ಬನಶಂಕರಿ_ಬಿಟ್ಸ್

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಆ ಪಟ್ಟಿಯನ್ನು ಮುಂದೆ ಯಾವಾಗಲಾದರೂ ಬ್ರೈಲ್‌ನಿಂದ ಮತ್ತೆ ಕನ್ನಡ ಅಕ್ಷರಕ್ಕೆ ತಿರುಗಿಸಿ ಪ್ರಿಂಟ್ ತೆಗೆಯುವುದಾದರೆ ಣ ಇರುವ ಪದಗಳನ್ನು ಇನ್ನೊಮ್ಮೆ ಓದಿಸಿ ಕೇಳಿ, ಕಣಿವೆ, ಗಣಿತದಂಥ ಕಡೆ ಣ ಆದ ಮೇಲೆ ಬರುವ ಇ ಕಂಪ್ಯೂಟರಿಗೆ 9 ಅಂತ ಕಾಣಬಹುದು.

ಕೈ ತೊಳೆದು, ಪೂರ್ತಿ ಒರೆಸಿಕೊಂಡು ಮುಟ್ಟಿ. ತಲೆಗೆ ಎಣ್ಣೆ ಹಚ್ಚಿದ ಕೈ, ಚಕ್ಕುಲಿ ತಿಂದ ಕೈ ಎರಡೂ ಚುಕ್ಕಿಗೆ ಶತ್ರು. ಚುಕ್ಕಿಯ ತೂತಿಗೆ ಜಿಡ್ಡು, ಧೂಳು ಸೇರಿದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ನಿಮ್ಮ ಕಡೆ ಮಳೆಗಾಲ ಜೋರು, ಕವರಿನಲ್ಲಿ ಹಾಕಿಯೇ ಒಯ್ಯಿರಿ. ಚಾರ್ಜಿಗೆ ಹಳೆಯ ಫೋನಿನ ಮೈಕ್ರೋ ಯುಎಸ್‌ಬಿ ತಂತಿ ಆಗುತ್ತದೆ. ಕಾರ್ಡು ತೆಗೆಯುವ ಮುಂಚೆ ಫೈಲಿನಿಂದ ಹೊರಗೆ ಬನ್ನಿ, ಮತ್ತೆ ವಾರಕ್ಕೊಮ್ಮೆ ಕಾರ್ಡಿನಲ್ಲಿರುವುದನ್ನೆಲ್ಲ ತಮ್ಮನ ಕಂಪ್ಯೂಟರಿಗೆ ಒಂದು ಪ್ರತಿ ಹಾಕಿಸಿ. ಬಿಆರ್‌ಎಫ್ ಮಾಡುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಆ ಫೈಲನ್ನೇ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.